ಫೆಬ್ರವರಿಯ ಕಾಫಿ ಗಿಡ, ಒಣಗಿದ ಪ್ರಾರ್ಥನೆ

ಪ್ರಶ್ನೆ (ಪತ್ರದಿಂದ ಆಯ್ದದ್ದು): ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಎರಡು ಎಕರೆ ರೊಬಸ್ಟಾ ಕಾಫಿ ತೋಟ. ಹುಟ್ಟಿದ್ದು ಕ್ರೈಸ್ತರ ಮನೆಯಲ್ಲೇ ಆದರೂ ನಂಬಿಕೆ ನಿಜವಾಗಿ ನನ್ನದಾಗಿದ್ದು ಮೂರು ವರ್ಷದ ಹಿಂದೆ. ಮೊದಲ ವರ್ಷ ಸತ್ಯವೇದ ತೆರೆದರೆ ಕಣ್ಣು ತುಂಬುತ್ತಿತ್ತು. ಆಮೇಲೆ ಸಂಡೇ ಸ್ಕೂಲ್, ಗಾಯನ ತಂಡ, ಯುವಜನರ ಕೂಟದ ಕಾರ್ಯದರ್ಶಿ ಕೆಲಸ, ಎಲ್ಲ ನನಗೇ ಬಂತು. ಈಗ ಎಂಟು ತಿಂಗಳಿಂದ ಪ್ರಾರ್ಥನೆಗೆ ಕೂತರೆ ಏನೂ ಇಲ್ಲ, ಎಲ್ಲ ಒಣ ಒಣ. ಸಭೆಯ ಹಿರಿಯರೊಬ್ಬರು, 'ಫಲ ಇಲ್ಲ ಅಂದ್ರೆ ಒಳಗೆಲ್ಲೋ ಪಾಪ ಇದೆ, ಹುಡುಕು' ಅಂದರು. ಹುಡುಕಿ ಹುಡುಕಿ ಸುಸ್ತಾಗಿದೆ. ಆತ್ಮಿಕ ಬೆಳವಣಿಗೆ ಅಂದ್ರೆ ಗಿಡ ಬೆಳೆಸಿದ ಹಾಗೆ ಅಂತ ಎಲ್ಲರೂ ಹೇಳುತ್ತಾರೆ. ಹಾಗಾದರೆ ನನ್ನ ಗಿಡಕ್ಕೆ ಏನಾಗಿದೆ?

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಪತ್ರ ಕೈಗೆ ಬಂದದ್ದು ಫೆಬ್ರವರಿ ಎರಡನೇ ವಾರ. ಈ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೊದಲು ಒಂದು ಕೆಲಸ ಮಾಡಿ. ಇವತ್ತು ಸಂಜೆ ನಿಮ್ಮ ತೋಟಕ್ಕೆ ಇಳಿದು ಒಂದು ರೊಬಸ್ಟಾ ಗಿಡದ ಮುಂದೆ ನಿಲ್ಲಿ. ಕೊಯ್ಲು ಮುಗಿದಿದೆ. ಕಾಯಿ ಇಲ್ಲ. ಎಲೆ ಬಾಡಿ ಜೋತುಬಿದ್ದಿದೆ, ಅದರ ಮೇಲೆ ಧೂಳು. ಕಾಲಿಟ್ಟರೆ ತರಗೆಲೆ ಪುಡಿಪುಡಿ ಆಗುತ್ತದೆ. ಕಾಫಿ ಗಿಡ ಗೊತ್ತಿಲ್ಲದವರು ಬಂದು ನೋಡಿದರೆ, 'ಇದು ಹೋಯ್ತು' ಅಂತಲೇ ಹೇಳಿಯಾರು.

ಈಗ ಒಂದು ರೆಂಬೆ ಹಿಡಿದು, ಎಲೆ ಎತ್ತಿ ನೋಡಿ. ಗೆಣ್ಣಿನ ಹತ್ತಿರ ಅಕ್ಕಿಕಾಳಿನಷ್ಟು ಸಣ್ಣ ಹಸಿರು ಮೊಗ್ಗುಗಳು ಗುಂಪಾಗಿ ಕೂತಿರುತ್ತವೆ. ಅವು ಮೊನ್ನೆ ಬಂದವಲ್ಲ. ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೇ ಮೂಡಿ, ಕೆಲವೇ ಮಿಲಿಮೀಟರ್ ಬೆಳೆದು, ಅಲ್ಲಿಗೇ ನಿಂತುಬಿಟ್ಟಿವೆ.

ಯಾಕೆ ನಿಂತಿವೆ? ಬೆಳೆಗಾರರ ಮನೆಯ ಹುಡುಗಿ ನೀವು, ನಿಮಗೆ ಗೊತ್ತಿರುತ್ತದೆ. ಆದರೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಕಾಫಿ ಮೊಗ್ಗಿಗೆ ಆ ಒಣ ವಾರಗಳು ಬೇಕು. ನೀರಿನ ಕೊರತೆ ಅನುಭವಿಸುತ್ತಲೇ ಅದು ಒಳಗೊಳಗೆ ಮಾಗುತ್ತದೆ. ಮಾಗಿದ ಮೇಲೆ ಮಾತ್ರ ಮಳೆ ಬಿದ್ದಾಗ ಏಳುತ್ತದೆ. ಸರಿಯಾಗಿ ಒಣ ಹವೆ ಸಿಗದ ವರ್ಷ, ಡಿಸೆಂಬರ್ ಜನವರಿಯಲ್ಲಿ ಅಕಾಲದ ಮಳೆ ಹೊಡೆದ ವರ್ಷ, ಏನಾಗುತ್ತದೆ ನೋಡಿದ್ದೀರಲ್ವಾ? ಇವತ್ತು ಅಲ್ಲೊಂದಿಷ್ಟು ಹೂ, ಇನ್ನೊಂದು ವಾರಕ್ಕೆ ಇಲ್ಲೊಂದಿಷ್ಟು. ಮುಂದಿನ ಕೊಯ್ಲಿನಲ್ಲಿ ಒಂದೇ ರೆಂಬೆಯ ಮೇಲೆ ಹಣ್ಣು, ಹಸಿರು ಕಾಯಿ ಎಲ್ಲ ಕಲಸಿಕೊಂಡು ಕೊಯ್ಯುವವರಿಗೆ ತಲೆನೋವು. ಒಣ ಹವೆ ಚೆನ್ನಾಗಿ ಸಿಕ್ಕ ವರ್ಷ ಹಾಗಲ್ಲ. ಫೆಬ್ರವರಿ ಕೊನೆಗೋ ಮಾರ್ಚಿನಲ್ಲೋ ಒಂದು ಇಂಚು ಹೂಮಳೆ ಬಿದ್ದರೆ ಸಾಕು. ಎಂಟು ಹತ್ತು ದಿನಕ್ಕೆ ಇಡೀ ತೋಟ ಬೆಳ್ಳಗಾಗುತ್ತದೆ. ಮಲ್ಲಿಗೆಯಂಥ ಆ ವಾಸನೆ ರಸ್ತೆಯವರೆಗೂ ಬರುತ್ತದೆ.

ನಿಮ್ಮ ಎಂಟು ತಿಂಗಳನ್ನು ನಾನು ಹೀಗೆ ನೋಡುತ್ತೇನೆ. ನಿಮ್ಮ ಗಿಡ ಸತ್ತಿಲ್ಲ. ಅದು ಫೆಬ್ರವರಿಯಲ್ಲಿದೆ.

ಮೊದಲ ವರ್ಷದ ಕಣ್ಣೀರು ಸುಳ್ಳಾಗಿರಲಿಲ್ಲ, ಅದನ್ನು ಅನುಮಾನಿಸಬೇಡಿ. ನರ್ಸರಿಯಲ್ಲಿ ಎಳೆ ಗಿಡಕ್ಕೆ ಮೇಲೆ ಚಪ್ಪರ ಹಾಕಿ, ಬಿಡದೆ ನೀರು ಹಾಕುತ್ತೇವೆ. ಜೂನ್ ಹತ್ತಿರ ಬಂದ ಹಾಗೆ ಚಪ್ಪರ ತೆಳು ಮಾಡುತ್ತೇವೆ, ಬಿಸಿಲು ತಾಗಲಿ ಅಂತ. ಗಿಡಕ್ಕೆ ಮಾತು ಬಂದಿದ್ದರೆ, 'ನನ್ನ ಮೇಲಿನ ಪ್ರೀತಿ ಕಡಿಮೆ ಆಯ್ತಾ?' ಅಂತ ಕೇಳುತ್ತಿತ್ತೇನೋ. ತೋಟಗಾರನ ಮನಸ್ಸಿನಲ್ಲಿ ಇರುವುದು ಬೇರೆ. ಇದು ಇನ್ನು ಹೊರಗೆ ನಿಲ್ಲಬೇಕು, ಸ್ವಂತ ಬೇರಿನ ಮೇಲೆ ನಿಲ್ಲಬೇಕು, ಅದಕ್ಕೆ ಅವನು ತಯಾರು ಮಾಡುತ್ತಿದ್ದಾನೆ. 63ನೇ ಕೀರ್ತನೆ ತೆಗೆದು ಓದಿ. ನೀರಿಲ್ಲದ ಒಣ ನೆಲದಲ್ಲಿ ನಿಂತು ಮಾಡಿದ ಪ್ರಾರ್ಥನೆ ಅದು. ಬಾಯಾರಿಕೆಯೇ ಅಲ್ಲಿ ಪ್ರಾರ್ಥನೆ ಆಗಿದೆ. ನೀವು ಈ ಪತ್ರ ಬರೆದದ್ದೂ ಬಾಯಾರಿಕೆಯಿಂದಲೇ. ದೇವರು ಬೇಡ ಅನ್ನಿಸಿದವರು ಹೀಗೆ ಎರಡು ಪುಟ ಬರೆಯುವುದಿಲ್ಲ.

ಹಾಗಂತ ಒಣಗಿದ್ದೆಲ್ಲ ಒಳ್ಳೆಯದೇ ಅಂತ ನಾನು ಹೇಳುವುದಿಲ್ಲ. ನಿಮ್ಮ ಹಿರಿಯರ ಮಾತನ್ನೂ ಒಮ್ಮೆ ನೋಡಬೇಕು.

ಮಾದಾಪುರದ ಕಡೆ ನನ್ನ ತೋಟದಲ್ಲಿ ಕಾಫಿಯ ಇನ್ನೊಂದು ಜಾತಿ, ಅರೇಬಿಕಾ ಇದೆ. ಅರೇಬಿಕಾ ಇಟ್ಟವರಿಗೆ ಬಿಳಿ ಕಾಂಡಕೊರಕ ಅಂದರೆ ಎದೆ ಧಸಕ್ಕೆನ್ನುತ್ತದೆ. ದುಂಬಿ ಬಂದು ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮರಿಹುಳು ಕಾಂಡದೊಳಗೆ ಕೊರೆಯುತ್ತಾ ತಿಂಗಳುಗಟ್ಟಲೆ ಇರುತ್ತದೆ. ಹೊರಗೆ ಗಿಡ ಚೆನ್ನಾಗಿಯೇ ಕಾಣುತ್ತದೆ. ಮುಚ್ಚಿಟ್ಟ ಪಾಪಕ್ಕೆ ಇದಕ್ಕಿಂತ ಸರಿಯಾದ ಹೋಲಿಕೆ ನನಗೆ ಸಿಕ್ಕಿಲ್ಲ. ಆದರೆ ಕೊರಕ ಬಿದ್ದ ಗಿಡವನ್ನೂ ಬಿಸಿಲಿಗೆ ಬಾಡಿದ ಗಿಡವನ್ನೂ ಗುರುತಿಸುವುದು ಬೇರೆ ಬೇರೆ. ಬಿಸಿಲಿಗೆ ಬಾಡಿದ್ದಾದರೆ ಸುತ್ತಲಿನ ಗಿಡಗಳೂ ಬಾಡಿರುತ್ತವೆ, ಗೆಣ್ಣಿನಲ್ಲಿ ಮೊಗ್ಗು ಇರುತ್ತದೆ. ಕೊರಕ ಬಿದ್ದ ಗಿಡ ಪಕ್ಕದ ಗಿಡಗಳೆಲ್ಲ ಹಸಿರಾಗಿರುವಾಗಲೂ ತಾನೊಂದೇ ಹಳದಿ ಆಗುತ್ತದೆ. ಕಾಂಡ ಮುಟ್ಟಿ ನೋಡಿದರೆ ಉಬ್ಬಿದ ಗೆರೆ ಬೆರಳಿಗೆ ಸಿಗುತ್ತದೆ. 'ಇಲ್ಲಿ ಇದೆ' ಅಂತ ಬೆರಳಿಟ್ಟು ತೋರಿಸಬಹುದು.

ಪವಿತ್ರಾತ್ಮನು ಪಾಪ ತೋರಿಸುವಾಗಲೂ ಹಾಗೇ, ಬೆರಳಿಟ್ಟು ತೋರಿಸುತ್ತಾನೆ. ಆ ಸುಳ್ಳು. ಆ ಹಣ. ಅಕ್ಕನ ಮೇಲೆ ಇಟ್ಟುಕೊಂಡಿರುವ ಆ ಹಗೆ. ಅಂಥದ್ದೇನಾದರೂ ನಿಮಗೆ ಈಗಲೇ ಗೊತ್ತಿದ್ದರೆ ಇವತ್ತೇ ಅರಿಕೆ ಮಾಡಿ ಮುಗಿಸಿ, ತಡ ಮಾಡಬೇಡಿ. ಕೊರಕ ಬಿದ್ದ ಗಿಡವನ್ನು ನಾವು ನಾಳೆಗೆ ಬಿಡುವುದಿಲ್ಲ. ಆದರೆ ಎಂಟು ತಿಂಗಳು ಹುಡುಕಿಯೂ ಗೆರೆ ಸಿಗಲಿಲ್ಲ, ಸುಮ್ನೆ 'ಎಲ್ಲೋ ಏನೋ ಇದೆ' ಅನ್ನುವ ಭಯ ಮಾತ್ರ ಉಳಿದಿದೆ ಅಂದರೆ, ದಯವಿಟ್ಟು ಹುಡುಕುವುದನ್ನು ನಿಲ್ಲಿಸಿ. ಸತ್ಯವೇದದಲ್ಲಿ ಕಷ್ಟಕ್ಕೆ ಬಿದ್ದ ಯೋಬನ ಗೆಳೆಯರೂ ಅವನಿಗೆ ಹುಡುಕು ಅಂತಲೇ ಹೇಳಿದ್ದರು. ಕೊನೆಗೆ ದೇವರು ಸಿಟ್ಟಾದದ್ದು ಆ ಗೆಳೆಯರ ಮೇಲೆ.

ಇನ್ನೊಂದು ಮಾತು. ಕಾಫಿಗೆ ಆಹಾರ ಎಳೆಯುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು ಅಡಿ ಮಣ್ಣಿನಲ್ಲೇ ಇರುತ್ತವೆ. ಬಿಸಿಲುಕಾಲದಲ್ಲಿ ಗಿಡಕ್ಕೆ ಏನಾಗಿದೆ ಅಂತ ದಿನಾ ಬುಡ ಅಗೆದು ನೋಡಿದರೆ ಆ ಬೇರೆಲ್ಲ ಹರಿದುಹೋಗುತ್ತವೆ. ನಿಮ್ಮ ಸುಸ್ತಿಗೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ. ದಿನಾ ರಾತ್ರಿ ತನ್ನನ್ನೇ ಅಗೆದುಕೊಳ್ಳುವವರಿಗೆ ಯಾವ ಬೇರೂ ಮಣ್ಣು ಹಿಡಿಯುವುದಿಲ್ಲ.

ಈಗ ನಿಜವಾಗಿ ನನಗೆ ಚಿಂತೆ ತಂದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ಸಂಡೇ ಸ್ಕೂಲ್, ಗಾಯನ ತಂಡ, ಕಾರ್ಯದರ್ಶಿ ಕೆಲಸ. ಮೂರೂ ಒಂದೇ ಸಲ, ನಂಬಿಕೆಯ ಎರಡನೇ ವರ್ಷದಲ್ಲಿ.

ಅರೇಬಿಕಾದ ಎಳೆ ಗಿಡ ಒಮ್ಮೊಮ್ಮೆ ತನ್ನ ಶಕ್ತಿ ಮೀರಿ ಕಾಯಿ ಹಿಡಿಯುತ್ತದೆ. ನೋಡಲು ಬಹಳ ಚೆಂದ. ಮೂರೂವರೆ ಅಡಿ ಎತ್ತರದ ಗಿಡ, ರೆಂಬೆ ತುಂಬ ಕಾಯಿ. ಮಾಲೀಕ ನೆಂಟರನ್ನೆಲ್ಲ ಕರೆದು ತೋರಿಸುತ್ತಾನೆ. ಆ ಕಾಯಿಗಳನ್ನೆಲ್ಲ ಹಣ್ಣು ಮಾಡಲು ಗಿಡ ತನ್ನ ಎಲೆ, ಬೇರು, ಕಾಂಡದಲ್ಲಿ ಇದ್ದಬದ್ದದ್ದನ್ನೆಲ್ಲ ಕೊಟ್ಟುಬಿಡುತ್ತದೆ. ಆಮೇಲೆ ಎಲೆ ಉದುರುತ್ತದೆ. ರೆಂಬೆ ತುದಿಯಿಂದ ಕಪ್ಪಾಗಿ ಒಣಗುತ್ತಾ ಬರುತ್ತದೆ. ಮುಂದಿನ ವರ್ಷ ಕಾಯಿ ಬಿಡಿ, ಚಿಗುರು ಬರುವುದೂ ಕಷ್ಟ. ಇದು ರೋಗ ಅಲ್ಲ, ಹುಳು ಅಲ್ಲ. ಎಳೆ ಗಿಡ ಹೊರಲಾರದಷ್ಟು ಹೊತ್ತದ್ದೇ ತಪ್ಪು. ಅದಕ್ಕೇ ತಿಳಿದವರು ಎಳೆ ಗಿಡದ ಮೊದಲ ಹೂವನ್ನು ಕೈಯಾರೆ ತೆಗೆದುಹಾಕುತ್ತಾರೆ. ಹೂ ಕೀಳುವುದಕ್ಕೆ ಮನಸ್ಸು ಬರುವುದಿಲ್ಲ, ನಿಜ. ಆದರೂ ತೆಗೆಯಲೇಬೇಕು.

ಇದನ್ನು ನಾನು ಗಿಡದ ವಿಷಯದಲ್ಲಿ ಬೇಗ ಕಲಿತೆ. ಮನುಷ್ಯರ ವಿಷಯದಲ್ಲಿ ತಡವಾಗಿ ಕಲಿತೆ. ಸಭೆಯಲ್ಲಿ ಸೇವೆ ಶುರು ಮಾಡಿದ ಹೊಸತರಲ್ಲಿ ಒಬ್ಬ ಯುವಕ ಬಂದ. ಹೊಸ ನಂಬಿಕೆ, ಮುಖದಲ್ಲಿ ಬೆಳಕು, ಏನು ಹೇಳಿದರೂ 'ಆಯ್ತು' ಅನ್ನುವ ಹುಡುಗ. ನಾನು ಒಂದರ ಮೇಲೊಂದು ಕೆಲಸ ಕೊಟ್ಟೆ. ಕೂಟ ನಡೆಸು, ಸಂದೇಶ ಕೊಡು, ಲೆಕ್ಕ ಬರೆ. ಎರಡು ವರ್ಷ ಎಲ್ಲವನ್ನೂ ಮಾಡಿದ. ಮೂರನೇ ವರ್ಷ ಭಾನುವಾರ ಬರುವುದೇ ನಿಂತುಹೋಯಿತು. ಮನೆಗೆ ಹೋದಾಗ ಅವನು ಹೇಳಿದ್ದು ಇಷ್ಟೇ: 'ಅಯ್ಯನವರೇ, ನನ್ನ ಹತ್ರ ಇನ್ನೇನೂ ಇಲ್ಲ.' ಆ ಮಾತು ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅವನ ಹೂ ತೆಗೆಯಬೇಕಾದವನು ನಾನು. ನಾನು ಕಾಯಿ ಎಣಿಸುತ್ತಾ ಕೂತೆ. ಹೊಸದಾಗಿ ನಂಬಿದವನನ್ನು ಸಭೆಯ ಮೇಲ್ವಿಚಾರಕನಾಗಿ ಮಾಡಬಾರದು ಅಂತ ಪೌಲನು ತಿಮೊಥೆಯನಿಗೆ ಬರೆದದ್ದನ್ನು ನಾನು ಎಷ್ಟೋ ಸಲ ಓದಿದ್ದೆ. ಗರ್ವ ಬಂದೀತು ಅನ್ನುವುದು ಅಲ್ಲಿ ಕೊಟ್ಟಿರುವ ಕಾರಣ. ನನ್ನ ಅನುಭವದಲ್ಲಿ ಗರ್ವಕ್ಕಿಂತ ಮೊದಲು ಸುಸ್ತು ಬರುತ್ತದೆ.

ಆದ್ದರಿಂದ ನಿಮ್ಮ ಮೇಲಿನ ಭಾರ ಇಳಿಯಬೇಕು. ಮೂರರಲ್ಲಿ ಎರಡನ್ನು ಬಿಡಿ. ಇದು ಹಿಂದೆ ಬಿದ್ದ ಹಾಗೆ ಅಲ್ಲ. ಯೋಹಾನ 15ರಲ್ಲಿ ಯೇಸು ಹೇಳುವುದನ್ನು ನಿಧಾನವಾಗಿ ಓದಿದರೆ ಒಂದು ವಿಷಯ ಕಾಣುತ್ತದೆ. ತಂದೆಯು ಕತ್ತರಿ ಹಾಕಿ ಶುದ್ಧಮಾಡುವುದು ಫಲ ಕೊಡುವ ಕೊಂಬೆಗಳಿಗೆ. ಕೊಯ್ಲು ಆದ ಮೇಲೆ ನಾವು ಗಿಡ ಕಸಿ ಮಾಡುವುದಿಲ್ಲವಾ, ಅಂದರೆ ಕೊಂಬೆ ಸವರುವುದಿಲ್ಲವಾ? ಒಣಗಿದ್ದನ್ನು ತೆಗೆಯುತ್ತೇವೆ, ಅದು ಸರಿ. ಜೊತೆಗೆ ಹಸಿರಾಗಿಯೇ ಇರುವ, ನೋಡಲು ಚೆನ್ನಾಗಿಯೇ ಇರುವ ಕಂಬಚಿಗುರನ್ನೂ ಕಿತ್ತುಹಾಕುತ್ತೇವೆ. ಅದು ನೇರ ಮೇಲಕ್ಕೆ ಹೋಗುತ್ತದೆ, ರಸವನ್ನೆಲ್ಲ ಕುಡಿಯುತ್ತದೆ. ಒಳ್ಳೆಯ ಕೆಲಸಗಳಲ್ಲೂ ಕಂಬಚಿಗುರು ಇರುತ್ತದೆ.

ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ನಿಮಗೆ ಮಾತ್ರ ಅಲ್ಲ, ನಮ್ಮ ಸಭೆಗಳಲ್ಲಿ ಬಹಳ ಜನಕ್ಕೆ ಇದೆ. ಫಲ ಅಂದರೆ ಸೇವೆ, ಸೇವೆ ಅಂದರೆ ಹುದ್ದೆ ಅಂತ ಅಂದುಕೊಂಡಿದ್ದೇವೆ. ಗಲಾತ್ಯ 5ರಲ್ಲಿ ಪೌಲನು ಆತ್ಮನ ಫಲ ಯಾವುದು ಅಂತ ಹೆಸರು ಹಿಡಿದು ಹೇಳುತ್ತಾನೆ. ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ ಹೀಗೆ ಒಂಬತ್ತು. ಅದರಲ್ಲಿ ಒಂದೂ ಹುದ್ದೆ ಇಲ್ಲ. ಮೂಲ ಗ್ರೀಕ್ ಭಾಷೆಯಲ್ಲಿ ಆ ಪದ ಏಕವಚನ. ಒಂಬತ್ತೂ ಸೇರಿ ಒಂದೇ ಫಲ. ನಿಮ್ಮ ಫಲ ಇದೆಯೋ ಇಲ್ಲವೋ ಅಂತ ತಿಳಿಯಬೇಕಾದರೆ ಪ್ರಾರ್ಥನೆಯಲ್ಲಿ ಕಣ್ಣೀರು ಬಂತಾ ಅಂತ ನೋಡಬೇಡಿ. ಅಮ್ಮನನ್ನು ಕೇಳಿ. 'ಮೂರು ವರ್ಷದ ಹಿಂದೆ ನಾನು ಸಿಟ್ಟು ಮಾಡಿಕೊಳ್ಳುತ್ತಿದ್ದಷ್ಟು ಈಗಲೂ ಮಾಡ್ತೀನಾ?' ಮನೆಯವರು ಕೊಡುವ ಉತ್ತರ ಆ ಹಿರಿಯರ ಮಾತಿಗಿಂತ ಸತ್ಯಕ್ಕೆ ಹತ್ತಿರ ಇರುತ್ತದೆ.

ಹಾಗಾದರೆ ದಿನದಿನ ಏನು ಮಾಡುವುದು? ಬಿಸಿಲುಕಾಲದಲ್ಲಿ ಬುಡಕ್ಕೆ ತರಗೆಲೆ ಮುಚ್ಚಿ ಬಿಡುತ್ತೇವಲ್ಲ, ಅಷ್ಟೇ. ಅದರಿಂದ ಗಿಡ ಚಿಗುರುವುದಿಲ್ಲ, ಹೂ ಬಿಡುವುದಿಲ್ಲ. ಇದ್ದ ತೇವ ಉಳಿಯುತ್ತದೆ, ಬೇರು ತಂಪಾಗಿರುತ್ತದೆ. ದಿನಕ್ಕೆ ಒಂದು ಕೀರ್ತನೆ, ಒಂದೇ ಹೊತ್ತಿಗೆ, ಹತ್ತು ನಿಮಿಷ. ಗಟ್ಟಿಯಾಗಿ ಓದಿ, ಕರ್ತನ ಪ್ರಾರ್ಥನೆ ಹೇಳಿ, ಎದ್ದುಬಿಡಿ. ಏನಾದರೂ ಅನ್ನಿಸಿತಾ ಅಂತ ನೋಡುತ್ತಾ ಕೂರಬೇಡಿ. ಕರ್ತನ ಭೋಜನ ತಪ್ಪಿಸಬೇಡಿ.

ಒಂದು ಎಚ್ಚರಿಕೆ. ಒಣ ಅನ್ನಿಸಿದ ಕೂಡಲೇ ಈ ಕೂಟ, ಆ ಧ್ಯಾನಕೂಟ, ರಾತ್ರಿಯಿಡೀ ಮೊಬೈಲಿನಲ್ಲಿ ಸಂದೇಶ ಅಂತ ಓಡಾಡುವವರನ್ನು ನೋಡಿದ್ದೇನೆ. ಈಗ ನಮ್ಮಲ್ಲಿ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುವುದು ಸಾಮಾನ್ಯ, ತಪ್ಪೇನಿಲ್ಲ. ಆದರೆ ಮೊಗ್ಗು ಮಾಗುವ ಮೊದಲೇ ಹಾಕಿದರೆ ಪ್ರಯೋಜನ ಇಲ್ಲ. ಅರ್ಧಂಬರ್ಧ ನೀರು ಕೊಟ್ಟರಂತೂ ಮೊಗ್ಗು ಪೂರ್ತಿ ಅರಳದೆ ಕೆಟ್ಟುಹೋಗುತ್ತದೆ. ಒಂದು ದಿನದ ಭಾವನೆ ಚಿಮುಕಿಸಿ ಚಿಮುಕಿಸಿ ಮೊಗ್ಗು ಕೆಡಿಸಿಕೊಳ್ಳಬೇಡಿ.

ಕೆಲಸ ಬಿಡಿ ಅಂದೆ, ಜನರನ್ನು ಬಿಡಿ ಅನ್ನಲಿಲ್ಲ. ಇದನ್ನು ಒತ್ತಿ ಹೇಳಬೇಕು. ರೊಬಸ್ಟಾ ಗಿಡ ಎಷ್ಟೇ ಹೂ ಬಿಟ್ಟರೂ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಅರೇಬಿಕಾ ಕಟ್ಟುತ್ತದೆ, ರೊಬಸ್ಟಾಕ್ಕೆ ಆಗುವುದಿಲ್ಲ. ಇನ್ನೊಂದು ಗಿಡದ ಪರಾಗ ಗಾಳಿಯಲ್ಲೋ ಜೇನಿನ ಕಾಲಿಗೆ ಅಂಟಿಕೊಂಡೋ ಬರಬೇಕು. ಹೂ ಇರುವುದು ಎರಡು ಮೂರು ದಿನ, ಅಷ್ಟರೊಳಗೆ ಬರಬೇಕು. ಸುಸ್ತಾದವರು ಮಾಡುವ ಮೊದಲ ಕೆಲಸ ಎಲ್ಲರಿಂದ ದೂರ ಆಗುವುದು. ನೀವು ಹಾಗೆ ಮಾಡಬೇಡಿ. ಒಬ್ಬ ಹಿರಿಯ ಸಹೋದರಿಯನ್ನು ಹುಡುಕಿಕೊಳ್ಳಿ. ನಿಮಗೆ ಕೆಲಸ ಕೊಡದವರು, ನಿಮ್ಮಲ್ಲಿ ತಪ್ಪು ಹುಡುಕದವರು ಆಗಿರಲಿ. ವಾರಕ್ಕೊಮ್ಮೆ ಅವರ ಅಡುಗೆಮನೆಯಲ್ಲಿ ಕೂತು ಮಾತಾಡಿ ಬನ್ನಿ. ಪ್ರಾರ್ಥನೆ ಬರದ ದಿನ ಅವರು ಮಾಡುವ ಪ್ರಾರ್ಥನೆಗೆ ಆಮೆನ್ ಅಂದರೂ ಸಾಕು.

ನಿಮ್ಮ ಮನೆಗೆ ಹತ್ತಿರದ ಆನಂದಪುರ ನೋಡಿಯೇ ಇರುತ್ತೀರಿ. ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯ ಹೆರ್ಮನ್ ಮೊಗ್ಲಿಂಗ್ ಕೊಡಗಿಗೆ ಬಂದದ್ದು 1853ರಲ್ಲಿ. ಕನ್ನಡದ ಮೊದಲ ಪತ್ರಿಕೆ ತಂದವರು ಅವರೇ. ಅವರು ಕಟ್ಟಿದ ಆನಂದಪುರದಲ್ಲಿ ಸಭೆಯ ಜೊತೆಗೇ ಕಾಫಿಯೂ ಬೆಳೆಯಿತು. 1860ರಲ್ಲಿ ಅವರು ಭಾರತ ಬಿಟ್ಟು ಜರ್ಮನಿಗೆ ಹೊರಟುಹೋದರು. ಏಳೇ ವರ್ಷ. ಆಮೇಲೆ ನೀರು ಹಾಕಿದವರು ಬೇರೆ, ಕೊಯ್ದವರು ಬೇರೆ. ನಾನು ನೆಟ್ಟೆ, ಅಪೊಲ್ಲೋಸನು ನೀರು ಹಾಕಿದ, ಬೆಳೆಸಿದ್ದು ದೇವರು ಅಂತ ಪೌಲನು ಕೊರಿಂಥದವರಿಗೆ ಬರೆದದ್ದರ ಅರ್ಥ ನನಗೆ ಆ ಊರಿನ ದಾರಿಯಲ್ಲಿ ಹೋಗುವಾಗಲೆಲ್ಲ ಹೊಸದಾಗಿ ಹೊಳೆಯುತ್ತದೆ. ನೀವು ಮೂರು ವರ್ಷಕ್ಕೇ ಲೆಕ್ಕ ಮುಗಿಸಲು ಹೊರಟಿದ್ದೀರಿ.

ಗಿಡದ ಹೋಲಿಕೆ ಒಂದು ಕಡೆ ಸಾಲುವುದಿಲ್ಲ. ಗಿಡಕ್ಕೆ ನಿದ್ದೆ ಕೆಡುವುದಿಲ್ಲ. ನಿಮಗೆ ಪ್ರಾರ್ಥನೆ ಮಾತ್ರ ಅಲ್ಲದೆ ಊಟ, ನಿದ್ದೆ, ಗೆಳತಿಯರ ಜೊತೆ ಮಾತು ಎಲ್ಲವೂ ಬೇಡ ಅನ್ನಿಸುತ್ತಿದ್ದರೆ, ಬದುಕೇ ಬೇಡ ಅನ್ನಿಸಿದ್ದರೆ, ಅದು ಬರೀ ಆತ್ಮಿಕ ವಿಷಯ ಅಲ್ಲ. ವೈದ್ಯರ ಹತ್ತಿರ ಹೋಗಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್‌ನವರು ಹಗಲು ರಾತ್ರಿ ಯಾವಾಗ ಬೇಕಾದರೂ ಮಾತಾಡುತ್ತಾರೆ, ಕನ್ನಡದಲ್ಲೇ, ದುಡ್ಡಿಲ್ಲದೆ. ಇದರಲ್ಲಿ ನಂಬಿಕೆ ಕಡಿಮೆ ಆಗುವ ಮಾತೇ ಇಲ್ಲ. ಸಾಯುವುದೇ ಮೇಲು ಅಂತ ಜಾಲಿ ಗಿಡದ ಕೆಳಗೆ ಮಲಗಿದ್ದ ಪ್ರವಾದಿ ಎಲೀಯನಿಗೆ ದೇವರು ಮೊದಲು ಉಪದೇಶ ಕೊಡಲಿಲ್ಲ. ರೊಟ್ಟಿ, ನೀರು, ನಿದ್ದೆ ಕೊಟ್ಟ. ಎದ್ದ ಮೇಲೆ ಮತ್ತೆ ರೊಟ್ಟಿ ಕೊಟ್ಟ.

ಇನ್ನು ಸಭೆಯಲ್ಲಿ ಹೇಗೆ ಹೇಳುವುದು ಅನ್ನುವ ಸಂಕೋಚ ನಿಮಗೆ ಇರುತ್ತದೆ. ಪತ್ರ ಬರೆಯಬೇಡಿ, ನಿಮ್ಮ ಸಭಾಪಾಲಕರ ಮನೆಗೇ ಹೋಗಿ. 'ಅಯ್ಯನವರೇ, ನಾನು ಬಿಟ್ಟು ಹೋಗ್ತಾ ಇಲ್ಲ. ಕಾರ್ಯದರ್ಶಿ ಕೆಲಸ, ಗಾಯನ ತಂಡ ಎರಡನ್ನೂ ಬೇರೆಯವರಿಗೆ ಕೊಡಿ. ಭಾನುವಾರ ನಾನು ಬೆಂಚಿನಲ್ಲಿ ಕೂತು ಆರಾಧನೆ ಮಾಡಬೇಕು' ಅಂತ ನೇರ ಹೇಳಿ. ಸಂಡೇ ಸ್ಕೂಲ್ ಮಾತ್ರ ಇಟ್ಟುಕೊಳ್ಳಿ ಅಂತ ನನ್ನ ಸಲಹೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಮಕ್ಕಳ ವಿಷಯ ಬಂದ ಕಡೆ ಮಾತ್ರ ಅಕ್ಷರ ಹಗುರಾಗಿದೆ. ಎಷ್ಟು ದಿನಕ್ಕೆ ಅಂತ ಅವರು ಕೇಳಿದರೆ, ಲೂಕ 13ರ ತೋಟಗಾರ ಫಲ ಕೊಡದ ಅಂಜೂರದ ಮರಕ್ಕಾಗಿ ಕೇಳಿದಷ್ಟೇ ಕೇಳಿ. ಇನ್ನೊಂದು ವರ್ಷ. ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ ಅಂದ ಅವನು. ಮರಕ್ಕೆ ಬೈಯಲಿಲ್ಲ.

ಮತ್ತೆ ಆ ಮಕ್ಕಳನ್ನು ಈ ಭಾನುವಾರವೇ ನಿಮ್ಮ ತೋಟಕ್ಕೆ ಕರೆದುಕೊಂಡು ಹೋಗಿ. ಮಳೆ ಬರುವ ಮೊದಲೇ. ಎಲೆ ಎತ್ತಿ ಮೊಗ್ಗು ತೋರಿಸಿ.